ಶಕ್ತಿ ಅವಳದು, ತೀರ್ಮಾನ ಯಾರದು? ಫ್ಯಾಂಟಸಿ ಧಾರಾವಾಹಿಗಳ ಹೆಣ್ಣು ಪಾತ್ರಗಳು ಮತ್ತು ಅಭಿಮಾನಿಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯ ಮಹಡಿಯಲ್ಲಿ ಸೇರಿ, ಆ ತಿಂಗಳು ನೋಡಿದ ಧಾರಾವಾಹಿಗಳ ಬಗ್ಗೆ ಮಾತನಾಡುತ್ತೇವೆ. ಗೃಹಿಣಿಯರಿದ್ದಾರೆ, ಕಾಲೇಜು ವಿದ್ಯಾರ್ಥಿನಿಯರಿದ್ದಾರೆ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಇಬ್ಬರು ಅಕ್ಕಂದಿರಿದ್ದಾರೆ. ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುವ ಒಬ್ಬ ನಿವೃತ್ತ ಮೇಷ್ಟ್ರೂ ಇದ್ದಾರೆ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ, ಉತ್ತರಗಳನ್ನು ಒಂದೆಡೆ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿ ಗುಂಪಿನ ಅಭಿಪ್ರಾಯದ ಜೊತೆಗೆ ನನ್ನದೂ ಸಾಕಷ್ಟು ಬೆರೆತಿದೆ.

ಫ್ಯಾಂಟಸಿ ಎಂದರೆ ಯಾವುದು? ರಾಮಾಯಣ, ಮಹಾಭಾರತಗಳನ್ನೂ ಅದರಲ್ಲಿ ಸೇರಿಸುತ್ತೀರಾ?

ಭಕ್ತಿಯಿಂದ ನೋಡುವವರ ಮನಸ್ಸನ್ನು ನೋಯಿಸುವ ಉದ್ದೇಶ ನಮಗಿಲ್ಲ. ಆದರೆ ಒಂದು ಪುರಾಣ ಕಥೆ ಧಾರಾವಾಹಿಯಾಗಿ ತೆರೆಗೆ ಬಂದಾಗ ಅದಕ್ಕೂ ಚಿತ್ರಕಥೆ ಬರೆದವರಿರುತ್ತಾರೆ, ಯಾವ ದೃಶ್ಯ ಎಷ್ಟು ದಿನ ಎಳೆಯಬೇಕೆಂದು ನಿರ್ಧರಿಸಿದವರಿರುತ್ತಾರೆ, ಜಾಹೀರಾತಿನ ಬಿಡುವಿಗೆ ಮುನ್ನ ಯಾರ ಮುಖವನ್ನು ತೋರಿಸಬೇಕೆಂದು ಆರಿಸಿದವರಿರುತ್ತಾರೆ. ನಮ್ಮ ಪ್ರಶ್ನೆಗಳೆಲ್ಲ ಅವರಿಗೆ, ದೇವರಿಗಲ್ಲ. ಆ ಅರ್ಥದಲ್ಲಿ ನಾಗಿಣಿಯ ಕಥೆ, ಡ್ರ್ಯಾಗನ್ನಿನ ಕಥೆ, ಪುರಾಣದ ಕಥೆ ಮೂರನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೇವೆ.

ನಾಗಿಣಿ ಧಾರಾವಾಹಿಗಳಲ್ಲಿ ಎಲ್ಲ ಶಕ್ತಿಯೂ ನಾಯಕಿಗೇ ಇರುತ್ತದೆಯಲ್ಲ, ಮತ್ತೇನು ತಕರಾರು?

ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಇದೇ. 2015ರಲ್ಲಿ ಹಿಂದಿಯಲ್ಲಿ ಏಕ್ತಾ ಕಪೂರ್ ಅವರ 'ನಾಗಿನ್' ಬಂತು. 2016ರಲ್ಲಿ ಜೀ ಕನ್ನಡದಲ್ಲಿ ದೀಪಿಕಾ ದಾಸ್ ನಟಿಸಿದ 'ನಾಗಿಣಿ', 2017ರಲ್ಲಿ ಉದಯ ಟಿವಿಯಲ್ಲಿ ನಿತ್ಯಾ ರಾಮ್ ನಟಿಸಿದ 'ನಂದಿನಿ', 2020ರಲ್ಲಿ ನಮ್ರತಾ ಗೌಡ ಅವರ 'ನಾಗಿಣಿ 2' ಬಂದವು. ಅತ್ತೆ-ಸೊಸೆ ಜಗಳದ ಕಥೆಗಳಿಗೆ ಹೋಲಿಸಿದರೆ ಇವು ಹೆಣ್ಣಿಗೆ ದೊಡ್ಡ ಜಾಗವನ್ನೇ ಕೊಟ್ಟವು. ಅವಳು ಹೊಡೆಯುತ್ತಾಳೆ, ಹೆದರಿಸುತ್ತಾಳೆ, ಕಥೆಯನ್ನು ಮುಂದಕ್ಕೆ ಒಯ್ಯುತ್ತಾಳೆ.

ತಕರಾರು ಇರುವುದು ಆ ಶಕ್ತಿ ಯಾವುದಕ್ಕೆ ಬಳಕೆಯಾಗುತ್ತದೆ ಎಂಬಲ್ಲಿ. ಹಿಂದಿಯ ಮೊದಲ 'ನಾಗಿನ್' ಕಥೆಯಲ್ಲಿ ನಾಯಕಿ ತನ್ನ ತಂದೆತಾಯಿಯರನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಲು ಅವರ ಮನೆಯನ್ನೇ ಸೇರುತ್ತಾಳೆ, ಆ ಮನೆಯ ಮಗನನ್ನೇ ಮದುವೆಯಾಗುತ್ತಾಳೆ. ಸೇಡು ಹುಟ್ಟಿನಿಂದ ಬಂದದ್ದು, ನಾಗಮಣಿಯನ್ನು ಕಾಯುವ ಕರ್ತವ್ಯ ಕುಲದಿಂದ ಬಂದದ್ದು, ಶಕ್ತಿ ಹುಣ್ಣಿಮೆಯಿಂದಲೋ ಮಂತ್ರದಿಂದಲೋ ಬಂದದ್ದು. ಅವಳು ತಾನಾಗಿ ಕುಳಿತು ಯೋಚಿಸಿ, 'ನನಗೆ ಇದು ಬೇಕು, ಇದು ಬೇಡ' ಎಂದು ಆಯ್ದುಕೊಳ್ಳುವ ಸಂದರ್ಭಗಳು ಬೆರಳೆಣಿಕೆಯಷ್ಟು. ಇಷ್ಟು ಶಕ್ತಿಯುಳ್ಳವಳು ಊಟದ ಮೇಜಿನ ಬಳಿ ಗಂಡನ ಮನೆಯವರಿಗೆ ಬಡಿಸುತ್ತ ಮಾತು ಕೇಳಿಸಿಕೊಳ್ಳುವ ದೃಶ್ಯ ಬಂದಾಗ, ನಮ್ಮ ಶಿಡ್ಲಘಟ್ಟದ ಅಕ್ಕ ಒಮ್ಮೆ, 'ಹೆಡೆ ಬಿಚ್ಚೋಕೆ ಬರ್ತದೆ, ಬಾಯಿ ಬಿಚ್ಚೋಕೆ ಬರಲ್ವೇನಮ್ಮ?' ಎಂದಿದ್ದರು. ನಮ್ಮ ಗುಂಪಿನ ಅಳತೆಗೋಲು ಆ ಮಾತಿನಿಂದಲೇ ಹುಟ್ಟಿತು: ಶಕ್ತಿ ಯಾರಲ್ಲಿದೆ ಎಂಬುದು ಒಂದು ಪ್ರಶ್ನೆ, ತೀರ್ಮಾನ ಯಾರು ಮಾಡುತ್ತಾರೆ ಎಂಬುದು ಬೇರೆಯದೇ ಪ್ರಶ್ನೆ.

ನಾಗರನ ಕಥೆ ನಮ್ಮ ಕಡೆಯವರಿಗೆ ಟಿವಿಯಿಂದ ಬಂದದ್ದೇನಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರಿಗೆ ಅಲ್ಲಿನ ಗುಡಿಯ ಸುತ್ತ ಒತ್ತೊತ್ತಾಗಿ ನಿಂತ ನಾಗರಕಲ್ಲುಗಳ ಸಾಲು ಗೊತ್ತಿರುತ್ತದೆ. ಅವುಗಳಲ್ಲಿ ಬಹಳಷ್ಟು ಮಕ್ಕಳಾಗಲೆಂದು ಹರಕೆ ಹೊತ್ತವರು ಪ್ರತಿಷ್ಠಾಪಿಸಿದವು. ಅಲ್ಲಿ ನಾಗ ಎಂದರೆ ಸಂತಾನ, ಭೂಮಿ, ತಪ್ಪಿಗೆ ಶಾಂತಿ. ಧಾರಾವಾಹಿ ಅದೇ ನಾಗನನ್ನು ತೆಗೆದುಕೊಂಡು ಸೌಂದರ್ಯ ಮತ್ತು ಸೇಡು ಎಂಬ ಎರಡೇ ಗುಣಗಳಿಗೆ ಇಳಿಸಿತು ಎಂಬುದು ನನ್ನ ಅನಿಸಿಕೆ. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ನಾಗರದ್ವೇಷದ ಮಾತು ಜನಪದದಲ್ಲಿ ಮೊದಲಿನಿಂದಲೂ ಇದೆ ಎನ್ನುತ್ತಾರೆ, ಅದೂ ನಿಜವೇ.

'ಗೇಮ್ ಆಫ್ ಥ್ರೋನ್ಸ್'ನಲ್ಲಿ ಗಟ್ಟಿ ಹೆಣ್ಣುಗಳೇ ತುಂಬಿದ್ದರಲ್ಲವೇ? ಅದನ್ನು ಏಕೆ ಟೀಕಿಸುತ್ತೀರಿ?

ತುಂಬಿದ್ದರು. ಅದು ಸಿಂಹಾಸನಕ್ಕಾಗಿ ಹಲವು ಮನೆತನಗಳು ಕಾದಾಡುವ ಅಮೆರಿಕದ ಫ್ಯಾಂಟಸಿ ಧಾರಾವಾಹಿ. ಸರ್ಸೀ, ಆರ್ಯಾ, ಬ್ರಿಯೆನ್, ಸಾನ್ಸಾ, ಡನೇರಿಸ್ ಇವರನ್ನು ಬಿಟ್ಟರೆ ಆ ಕಥೆಯಲ್ಲಿ ಉಳಿಯುವುದು ಕಡಿಮೆ. ಎಚ್‌ಬಿಒ ವಾಹಿನಿಯಲ್ಲಿ 2011ರಿಂದ 2019ರವರೆಗೆ 8 ಸೀಸನ್‌ಗಳಲ್ಲಿ 73 ಕಂತುಗಳು ಬಂದವು. ಅಷ್ಟೂ ಕಂತುಗಳಲ್ಲಿ ಮಹಿಳೆಯೊಬ್ಬರು ನಿರ್ದೇಶಿಸಿದ್ದು ನಾಲ್ಕನ್ನು ಮಾತ್ರ. ಆ ನಾಲ್ಕನ್ನೂ ಮಾಡಿದವರು ಮಿಶೆಲ್ ಮೆಕ್‌ಲಾರೆನ್ ಒಬ್ಬರೇ. ತೆರೆಯ ಮೇಲೆ ಹೆಣ್ಣುಗಳು ತುಂಬಿರುವುದಕ್ಕೂ ತೆರೆಯ ಹಿಂದೆ ತೀರ್ಮಾನ ಮಾಡುವ ಕುರ್ಚಿಯಲ್ಲಿ ಹೆಣ್ಣು ಇರುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಸಾನ್ಸಾಳ ಪ್ರಸಂಗವನ್ನೇ ನೋಡಿ. 2015ರ ಐದನೆಯ ಸೀಸನ್‌ನಲ್ಲಿ ಅವಳ ಮದುವೆಯ ರಾತ್ರಿ ಗಂಡ ರಾಮ್ಸೀ ಅವಳ ಮೇಲೆ ಅತ್ಯಾಚಾರ ಎಸಗುತ್ತಾನೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಯಲ್ಲಿ ಆ ಮದುವೆ ಸಾನ್ಸಾಳದ್ದಲ್ಲ, ಬೇರೊಂದು ಹುಡುಗಿಯದು. ಧಾರಾವಾಹಿಯವರು ಅದನ್ನು ಸಾನ್ಸಾಳಿಗೆ ವರ್ಗಾಯಿಸಿದರು, ಮತ್ತು ಆ ಘಳಿಗೆಯಲ್ಲಿ ಕ್ಯಾಮೆರಾ ಕೊನೆಗೆ ನಿಂತದ್ದು ಬಲವಂತವಾಗಿ ನೋಡುತ್ತ ನಿಂತಿದ್ದ ಥಿಯಾನ್ ಎಂಬ ಯುವಕನ ಮುಖದ ಮೇಲೆ. ನೋವು ಅವಳದು, ಆದರೆ ಆ ನೋವಿನಿಂದ 'ಬದಲಾಗುವ' ಅವಕಾಶ ಅವನದು. ಅಮೆರಿಕದ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ಇನ್ನು ಮುಂದೆ ಈ ಧಾರಾವಾಹಿಯನ್ನು ನೋಡುವುದಿಲ್ಲವೆಂದು ಬಹಿರಂಗವಾಗಿ ಹೇಳಿದ್ದು ಆಗಲೇ. ಕೊನೆಯ ಸೀಸನ್‌ನಲ್ಲಿ ಸಾನ್ಸಾಳ ಬಾಯಿಂದಲೇ, ಆ ಹಿಂಸೆಗಳು ಇಲ್ಲದಿದ್ದರೆ ತಾನು ಇನ್ನೂ ಪುಟ್ಟ ಹಕ್ಕಿಯಾಗಿಯೇ ಉಳಿಯುತ್ತಿದ್ದೆ ಎಂಬರ್ಥದ ಮಾತನ್ನು ಆಡಿಸಿದರು. ನನಗೆ ಆ ದೃಶ್ಯಕ್ಕಿಂತಲೂ ಈ ಮಾತೇ ಹೆಚ್ಚು ಕೆಟ್ಟದಾಗಿ ಕಂಡಿತು. ಏಕೆಂದರೆ ಅವಳ ಬುದ್ಧಿವಂತಿಕೆಯ ಕೀರ್ತಿಯನ್ನು ಅದು ಅವಳನ್ನು ಹಿಂಸಿಸಿದವನಿಗೆ ಒಪ್ಪಿಸಿಬಿಡುತ್ತದೆ.

ಡನೇರಿಸ್‌ಳ ವಿಷಯದಲ್ಲಿ ನಮ್ಮ ಗುಂಪು ಎರಡು ಭಾಗವಾಗಿದೆ. ಸಿಂಹಾಸನಕ್ಕಾಗಿ ಹೋರಾಡುವ ಈ ಡ್ರ್ಯಾಗನ್‌ಗಳ ಒಡತಿ ಕೊನೆಗೆ ರಾಜಧಾನಿ ನಗರವನ್ನು ಸುಟ್ಟದ್ದು ಮೊದಲ ಸೀಸನ್‌ಗಳಿಂದಲೇ ಬೀಜವಿದ್ದ ಸಂಗತಿ ಎನ್ನುವವರಿದ್ದಾರೆ. ಇರಬಹುದು. ಆದರೆ ಮೊದಲ ಆರು ಸೀಸನ್‌ಗಳಿಗೆ ತಲಾ ಹತ್ತು ಕಂತುಗಳನ್ನು ಕೊಟ್ಟವರು ಕೊನೆಯದಕ್ಕೆ ಆರೇ ಕಂತು ಕೊಟ್ಟು, ಎಂಟು ವರ್ಷ ಕಟ್ಟಿದ ಪಾತ್ರವನ್ನು ಒಂದೇ ಕಂತಿನಲ್ಲಿ ನಗರ ಶರಣಾದ ಗಂಟೆಯ ಸದ್ದು ಕೇಳಿ ಮತಿಗೆಟ್ಟವಳಂತೆ ತೋರಿಸಿ, ಮುಂದಿನ ಕಂತಿನಲ್ಲಿ ಪ್ರಿಯಕರನ ಕೈಯಿಂದ ಇರಿದು ಕೊಲ್ಲಿಸಿದರು. ಅವಳ ಕೊನೆಯ ತೀರ್ಮಾನ ಅವಳ ಮನಸ್ಸಿನೊಳಗೆ ಹೇಗೆ ಹುಟ್ಟಿತೆಂಬುದನ್ನು ನಮಗೆ ತೋರಿಸಲೇ ಇಲ್ಲ. ಅವಳನ್ನು ಕೊಲ್ಲಬೇಕೇ ಬೇಡವೇ ಎಂದು ಇಬ್ಬರು ಗಂಡಸರು ಕುಳಿತು ಚರ್ಚಿಸುವ ದೃಶ್ಯಕ್ಕೆ ಮಾತ್ರ ಸಾಕಷ್ಟು ಸಮಯವಿತ್ತು. ಅಮೆರಿಕದಲ್ಲಿ ಆ ಹೊತ್ತಿಗಾಗಲೇ ನೂರಾರು ತಂದೆತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ 'ಖಲೀಸಿ' ಎಂದು ಅವಳ ಬಿರುದನ್ನೇ ಹೆಸರಾಗಿ ಇಟ್ಟಿದ್ದರು.

'ಆ ಕಾಲದಲ್ಲಿ ಹಾಗೆಯೇ ಇತ್ತು' ಎಂಬ ಸಮರ್ಥನೆಯನ್ನು ಒಪ್ಪುತ್ತೀರಾ?

ಯಾವ ಕಾಲ? ಡ್ರ್ಯಾಗನ್ ಹಾರುವ, ಸತ್ತವರು ಎದ್ದು ನಡೆಯುವ ಲೋಕಕ್ಕೆ ಇತಿಹಾಸದ ಸಾಕ್ಷಿ ಕೇಳುವುದು ಹೆಣ್ಣಿನ ಮೇಲಿನ ಹಿಂಸೆಯ ಪ್ರಶ್ನೆ ಬಂದಾಗ ಮಾತ್ರ. 2022ರಲ್ಲಿ ಆರಂಭವಾದ 'ಹೌಸ್ ಆಫ್ ದಿ ಡ್ರ್ಯಾಗನ್' ಇದೇ ಲೋಕದ ಕಥೆಯಾದರೂ ಅದರ ಕೇಂದ್ರದಲ್ಲೇ ಈ ಪ್ರಶ್ನೆಯಿದೆ: ರಾಜನೇ ಉತ್ತರಾಧಿಕಾರಿಯೆಂದು ಘೋಷಿಸಿದ ಮಗಳನ್ನು ಸಾಮಂತರು ಹೆಣ್ಣೆಂಬ ಕಾರಣಕ್ಕೆ ಒಪ್ಪುವುದಿಲ್ಲ. ಅದರ ಮೊದಲ ಕಂತಿನಲ್ಲೇ ಗಂಡು ಮಗುವಿನ ಆಸೆಗೆ ರಾಣಿಯ ಹೊಟ್ಟೆಯನ್ನು, ಅವಳನ್ನು ಕೇಳದೆ, ರಾಜನ ಅಪ್ಪಣೆಯ ಮೇಲೆ ಸೀಳುತ್ತಾರೆ. ನೋಡಲು ಕಷ್ಟವಾದ ದೃಶ್ಯ. ಆದರೂ ಹಿಂಸೆ ಇಲ್ಲಿ ಅಲಂಕಾರಕ್ಕೆ ಬಂದಿಲ್ಲ. 'ಅವಳನ್ನು ಯಾರೂ ಕೇಳಲಿಲ್ಲ' ಎಂಬುದೇ ದೃಶ್ಯದ ವಿಷಯ. ಇದರ ಮೊದಲ ಸೀಸನ್‌ನಲ್ಲಿ ಕ್ಲೇರ್ ಕಿಲ್ನರ್ ಮತ್ತು ಭಾರತೀಯ ಮೂಲದ ಗೀತಾ ಪಟೇಲ್ ಅವರೂ ಕಂತುಗಳನ್ನು ನಿರ್ದೇಶಿಸಿದರು.

'ಫ್ರಿಜ್‌ಗೆ ತುಂಬುವುದು' ಎಂದು ನಿಮ್ಮವರು ಆಗಾಗ ಹೇಳುತ್ತಾರೆ. ಏನದು?

ನಾಯಕನಿಗೆ ಕೋಪವೋ ಛಲವೋ ಬರಲೆಂದು ಅವನ ಹೆಂಡತಿಯನ್ನು, ಪ್ರೇಯಸಿಯನ್ನು ಅಥವಾ ತಂಗಿಯನ್ನು ಕೊಲ್ಲುವ ಪದ್ಧತಿಗೆ ಇಟ್ಟ ಹೆಸರು. 1994ರ ಒಂದು ಅಮೆರಿಕನ್ ಕಾಮಿಕ್ಸ್‌ನಲ್ಲಿ ನಾಯಕ ಮನೆಗೆ ಬಂದು ನೋಡಿದಾಗ ಅವನ ಪ್ರೇಯಸಿಯ ಶವ ಫ್ರಿಜ್‌ನಲ್ಲಿರುತ್ತದೆ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗಿ (ಮುಂದೆ ಅವರೇ ಕಾಮಿಕ್ಸ್ ಲೇಖಕಿಯಾದರು) ಹೀಗೆ ಸಾಯಿಸಲ್ಪಟ್ಟ ಹೆಣ್ಣು ಪಾತ್ರಗಳ ಪಟ್ಟಿ ಮಾಡಿದಾಗ ಆ ಹೆಸರು ನಿಂತಿತು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಬೇಕಿಲ್ಲ. ತಂಗಿಯ ಸಾವಿನಿಂದ ಆರಂಭವಾಗುವ ಎಷ್ಟು ಕಥೆಗಳನ್ನು ನಾವು ನೋಡಿಲ್ಲ!

ಇದರದೇ ಇನ್ನೊಂದು ರೂಪ, ಹೆಣ್ಣನ್ನು ಪ್ರೀತಿಸುವ ಹೆಣ್ಣು ಪಾತ್ರಗಳು ಸುಖದ ಘಳಿಗೆ ಕಂಡ ತಕ್ಷಣ ಸಾಯುವುದು. ಅಮೆರಿಕದ ಧಾರಾವಾಹಿ 'ಬಫಿ'ಯಲ್ಲಿ 2002ರಲ್ಲಿ ಟಾರಾ ಸತ್ತದ್ದು ಬೇರೊಬ್ಬರಿಗೆ ಗುರಿಯಿಟ್ಟ ಗುಂಡಿನಿಂದ. ಅಲ್ಲಿಯದೇ ಇನ್ನೊಂದು ಧಾರಾವಾಹಿ 'ದಿ 100'ರಲ್ಲಿ 2016ರಲ್ಲಿ ಲೆಕ್ಸಾ ಸತ್ತದ್ದೂ ಬೇರೊಬ್ಬರಿಗೆ ಗುರಿಯಿಟ್ಟ ಗುಂಡಿನಿಂದ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಅದೇ ದಾರಿತಪ್ಪಿದ ಗುಂಡು! ಲೆಕ್ಸಾಳ ಅಭಿಮಾನಿಗಳು ಕೂಗಾಡಿದ್ದಷ್ಟೇ ಅಲ್ಲದೆ, ಲೈಂಗಿಕ ಅಲ್ಪಸಂಖ್ಯಾತ ಯುವಜನರ ಆತ್ಮಹತ್ಯೆ ತಡೆಯಲು ದುಡಿಯುವ ಟ್ರೆವರ್ ಪ್ರಾಜೆಕ್ಟ್ ಎಂಬ ಸಂಸ್ಥೆಗೆ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಸಂಗ್ರಹಿಸಿಕೊಟ್ಟರು. ಧಾರಾವಾಹಿಯ ಮುಖ್ಯಸ್ಥರು ಬಹಿರಂಗ ಪತ್ರದಲ್ಲಿ ವಿಷಾದ ವ್ಯಕ್ತಪಡಿಸಿದರು.

ದ್ರೌಪದಿಯ ಪಾತ್ರದ ಬಗ್ಗೆ ನಿಮ್ಮ ಗುಂಪಿಗೆ ಅಷ್ಟೇಕೆ ಆಸಕ್ತಿ?

ಏಕೆಂದರೆ ನಮ್ಮ ಕಡೆ ಇಬ್ಬರು ದ್ರೌಪದಿಯರಿದ್ದಾರೆ.

ಮೊದಲನೆಯವಳು ಟಿವಿಯ ದ್ರೌಪದಿ. 1988ರಿಂದ 1990ರವರೆಗೆ ದೂರದರ್ಶನದಲ್ಲಿ ಬಂದ ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲಿ ರೂಪಾ ಗಂಗೂಲಿ, 2013ರ ಸ್ಟಾರ್ ಪ್ಲಸ್ 'ಮಹಾಭಾರತ'ದಲ್ಲಿ ಪೂಜಾ ಶರ್ಮಾ ಆ ಪಾತ್ರ ಮಾಡಿದರು. ಎರಡನೆಯದು 2020ರ ಲಾಕ್‌ಡೌನ್ ಸಮಯದಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದಾಗ ಮನೆಮನೆಯಲ್ಲೂ ನೋಡಿದೆವು. ಜನರ ನೆನಪಿನಲ್ಲಿ ಉಳಿದಿರುವುದು ಸಭೆಯ ನಡುವೆ ಸೀರೆ ಬೆಳೆಯುತ್ತ ಹೋಗುವ ದೃಶ್ಯ. ಮೂಲ ಕಥೆಯಲ್ಲಿ ಆ ಸಭಾಪರ್ವದ ಬೆನ್ನೆಲುಬು ಸೀರೆಯಲ್ಲ, ಅವಳು ಕೇಳಿದ ಪ್ರಶ್ನೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಿಗೂ ನೇರ ಉತ್ತರ ಹೇಳಲಾಗದ ಪ್ರಶ್ನೆಯದು. ಎರಡೂ ಧಾರಾವಾಹಿಗಳಲ್ಲಿ ಪ್ರಶ್ನೆ ಇದೆ, ಇಲ್ಲವೆಂದಲ್ಲ. ಆದರೆ ಅಭಿಮಾನಿಗಳು ಕತ್ತರಿಸಿ ಹಂಚುವ ತುಣುಕುಗಳಲ್ಲಿ, ವಾಹಿನಿಯ ಪ್ರೋಮೋಗಳಲ್ಲಿ ಓಡಾಡುವುದು ಕಣ್ಣೀರು, ಸೀರೆ ಮತ್ತು ಭೀಮನ ಪ್ರತಿಜ್ಞೆ.

ಎರಡನೆಯವಳು ಕರಗದ ದ್ರೌಪದಿ. ಕೋಲಾರ, ಮಾಲೂರುಗಳಲ್ಲಿ ತಿಗಳ ಸಮುದಾಯದವರು ಹೊರುವ ಕರಗದ ಹಿಂದಿನ ಕಥೆ ಯುದ್ಧ ಮುಗಿದ ಮೇಲೆ ಆರಂಭವಾಗುತ್ತದೆ. ಪಾಂಡವರು ಸ್ವರ್ಗದ ದಾರಿಯಲ್ಲಿ ಮುಂದೆ ನಡೆದುಬಿಡುತ್ತಾರೆ, ದ್ರೌಪದಿ ಹಿಂದೆ ಉಳಿಯುತ್ತಾಳೆ, ತಿಮಿರಾಸುರ ಎದುರಾಗುತ್ತಾನೆ. ಕಾಪಾಡಲು ಯಾರೂ ಬರುವುದಿಲ್ಲ. ಅವಳು ಶಕ್ತಿಯ ರೂಪ ತಾಳಿ ವೀರಕುಮಾರರ ಸೈನ್ಯವನ್ನೇ ಸೃಷ್ಟಿಸಿ ಅಸುರನನ್ನು ಸಂಹರಿಸುತ್ತಾಳೆ. ಹೊರಟು ನಿಂತಾಗ ಅಗಲಲಾರದೆ ಅತ್ತ ಆ ಮಕ್ಕಳಿಗೆ ವರ್ಷಕ್ಕೊಮ್ಮೆ ಬರುವೆನೆಂದು ಮಾತು ಕೊಡುತ್ತಾಳೆ. ಕರಗ ಹೊರುವ ಗಂಡಸು ಬಳೆ ತೊಟ್ಟು ಹೆಣ್ಣಿನ ಉಡುಗೆಯಲ್ಲಿ ಅವಳಾಗಿ ಬರುತ್ತಾನೆ. ಗಂಡಂದಿರಿಲ್ಲದ ಈ ಕಥೆಯಲ್ಲಿ ಹೋರಾಡುವ ತೀರ್ಮಾನವೂ ಅವಳದು, ಹೋಗುವ ತೀರ್ಮಾನವೂ ಅವಳದು, ಮರಳಿ ಬರುವ ತೀರ್ಮಾನವೂ ಅವಳದೇ. ಇಷ್ಟು ಚೆಂದದ ಫ್ಯಾಂಟಸಿ ಕಥೆ ನಮ್ಮ ಹಿತ್ತಲಿನಲ್ಲೇ ಇರುವಾಗ, ವಸ್ತ್ರಾಪಹರಣವನ್ನೇ ಮತ್ತೆ ಮತ್ತೆ ವಾರಗಟ್ಟಲೆ ಎಳೆಯುವುದೇಕೆ ಎಂಬುದು ನಮ್ಮ ಗುಂಪಿನ ಹಳೆಯ ಗೊಣಗಾಟ.

ಅಭಿಮಾನಿಗಳು ಒತ್ತಾಯಿಸಿದರೆ ಕಥೆ ಬದಲಾಗುತ್ತದೆಯೇ?

ಕೆಲವೊಮ್ಮೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ 'ಸ್ಟಾರ್ ಟ್ರೆಕ್' ಎರಡನೆಯ ಸೀಸನ್‌ಗೇ ನಿಲ್ಲುವ ಸುದ್ದಿ ಬಂದಾಗ ಬಿಜೋ ಟ್ರಿಂಬಲ್ ಎಂಬ ಮಹಿಳೆ ಮತ್ತು ಅವರ ಪತಿ ಪತ್ರ ಚಳವಳಿ ಸಂಘಟಿಸಿದರು; ಮೂರನೆಯ ಸೀಸನ್ ಬಂತು. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ಕೊನೆಯ ಸೀಸನ್ನನ್ನು ಮತ್ತೆ ಮಾಡಿ ಎಂದು 15 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಏನೂ ಆಗಲಿಲ್ಲ.

ನಮ್ಮ ದೇಶದ ಉದಾಹರಣೆ ಇವೆರಡಕ್ಕಿಂತ ಗಂಭೀರವಾದದ್ದು. ರಮಾನಂದ ಸಾಗರರ 'ರಾಮಾಯಣ' 1988ರಲ್ಲಿ ರಾಮನ ಪಟ್ಟಾಭಿಷೇಕಕ್ಕೆ ಮುಗಿದುಹೋಯಿತು. ವಾಲ್ಮೀಕಿಯನ್ನು ಆರಾಧಿಸುವ ಪೌರ ಕಾರ್ಮಿಕರು ಪಂಜಾಬಿನಲ್ಲಿ ಮುಷ್ಕರ ಹೂಡಿ ಉತ್ತರಕಾಂಡವನ್ನೂ ತೋರಿಸಬೇಕೆಂದು ಪಟ್ಟು ಹಿಡಿದರು. ಮುಂದುವರಿದ ಭಾಗ ಬಂತು. ಅವರ ಮುಖ್ಯ ಕಾಳಜಿ ವಾಲ್ಮೀಕಿಯ ಪಾತ್ರವಾಗಿತ್ತು. ಆದರೆ ಅದರಿಂದಾಗಿ ಕಾಡಿಗೆ ಕಳುಹಿಸಲ್ಪಟ್ಟ ಸೀತೆಯ ಕಥೆಯೂ ದೇಶದ ಮುಂದೆ ಬಂತು. ಮುಳಬಾಗಿಲಿನ ಬಳಿಯ ಆವಣಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಹುಟ್ಟಿದ್ದು ಅಲ್ಲೇ ಎಂಬ ನಂಬಿಕೆ ನಮ್ಮಲ್ಲಿದೆ, ಬೆಟ್ಟದ ಮೇಲೆ ಸೀತೆಯ ಗುಡಿಯೂ ಇದೆ. ಪಟ್ಟಾಭಿಷೇಕಕ್ಕೆ ಕಥೆ ಮುಗಿಯಿತೆಂದರೆ ಆವಣಿಯವರು ಒಪ್ಪುವುದಾದರೂ ಹೇಗೆ ಎಂದು ಮೇಷ್ಟ್ರು ನಗುತ್ತಾರೆ.

ನೋಡುವವರಲ್ಲಿ ಹೆಂಗಸರೇ ಹೆಚ್ಚು. ಆದರೂ ಹೆಣ್ಣು ಪಾತ್ರಗಳನ್ನೇ ಏಕೆ ಹೆಚ್ಚು ಬೈಯುತ್ತಾರೆ?

ಈ ಪ್ರಶ್ನೆಗೆ ನನ್ನನ್ನೇ ಮೊದಲು ಸಾಕ್ಷಿಯಾಗಿ ನಿಲ್ಲಿಸಬೇಕು. ನಾಯಕ ಹತ್ತು ಕೊಲೆ ಮಾಡಿದರೂ 'ಅವನ ಬಾಲ್ಯ ಹಾಗಿತ್ತು' ಎಂದ ನಾನೇ, ನಾಯಕಿ ಗಂಡನಿಗೆ ಒಂದು ಸುಳ್ಳು ಹೇಳಿದ್ದಕ್ಕೆ ವಾರವಿಡೀ ಸಿಟ್ಟಾಗಿದ್ದೆ. ಕಥೆ ಯಾರ ಕಣ್ಣಿನಿಂದ ನಡೆಯುತ್ತದೆಯೋ ಅವರ ತಪ್ಪು ನಮಗೆ ಅರ್ಥವಾಗುತ್ತದೆ, ಅವನಿಗೆ ಅಡ್ಡ ಬಂದವಳು ಕಿರಿಕಿರಿಯಾಗಿ ಕಾಣುತ್ತಾಳೆ. 'ಬ್ರೇಕಿಂಗ್ ಬ್ಯಾಡ್' ಫ್ಯಾಂಟಸಿಯಲ್ಲ, ಆದರೂ ಅದರ ಉದಾಹರಣೆ ಸ್ಪಷ್ಟವಾಗಿದೆ: ಮಾದಕ ವಸ್ತು ತಯಾರಿಸುವ ಗಂಡನನ್ನು ಪ್ರಶ್ನಿಸಿದ ಹೆಂಡತಿಯ ಪಾತ್ರ ಮಾಡಿದ ಆನಾ ಗನ್, ಆ ಪಾತ್ರದ ಮೇಲಿನ ದ್ವೇಷ ತಮ್ಮ ಮೇಲೆಯೇ ತಿರುಗಿದ್ದನ್ನು 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆಯಬೇಕಾಯಿತು. ನಮ್ಮಲ್ಲೂ ಖಳನಾಯಕಿಯ ಪಾತ್ರ ಮಾಡುವವರನ್ನು ಜಾತ್ರೆಯಲ್ಲಿ, ಅಂಗಡಿಯಲ್ಲಿ ನಿಲ್ಲಿಸಿ ಬುದ್ಧಿ ಹೇಳುವವರಿದ್ದಾರೆ. ಪಾತ್ರವನ್ನು ಬೈಯಲು ಎಲ್ಲರಿಗೂ ಹಕ್ಕಿದೆ. ಪಾತ್ರಧಾರಿಯ ಮೈಬಣ್ಣ, ಮದುವೆ, ಉಡುಗೆಗಳನ್ನು ಎಳೆದು ತಂದಾಗ ನಮ್ಮ ಗುಂಪಿನಲ್ಲಿ ಚರ್ಚೆ ಅಲ್ಲಿಗೇ ನಿಲ್ಲುತ್ತದೆ.

'ಆರ್ಮಿ' ಎಂಬ ಅಭಿಮಾನಿಗಳ ಪಡೆ ಕಟ್ಟಿಕೊಂಡು ಒಬ್ಬ ನಟಿಯನ್ನು ಬೆಂಬಲಿಸುವುದು ಅಭಿಮಾನವೇ?

ಅಭಿಮಾನವೇ. ದೀಪಿಕಾ ದಾಸ್ ಮತ್ತು ನಮ್ರತಾ ಗೌಡ ಇಬ್ಬರೂ ಮುಂದೆ ಬಿಗ್ ಬಾಸ್ ಮನೆಗೆ ಹೋದಾಗ ನಾಗಿಣಿಯ ಅಭಿಮಾನಿಗಳು ಅವರ ಹಿಂದೆಯೇ ಹೋದರು. ತಪ್ಪೇನಿಲ್ಲ. ಇನ್ನೊಬ್ಬ ನಟಿಯನ್ನು ಹಳಿಯದೆ ಆರ್ಮಿ ನಡೆಯುವುದಿಲ್ಲ ಎಂಬ ಸ್ಥಿತಿ ಬಂದಾಗ ಮಾತ್ರ ಬೇಸರವಾಗುತ್ತದೆ.

ಹಿಂದಿನ ನಾಟಕಗಳಲ್ಲಿ ಪರಿಸ್ಥಿತಿ ಚೆನ್ನಾಗಿತ್ತೇ?

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಊರಿನ ಗಂಡಸರು ತಾವೇ ಹಣ ಕೊಟ್ಟು ದುರ್ಯೋಧನ, ಕೃಷ್ಣರ ಪಾತ್ರ ಹಿಡಿಯುತ್ತಾರೆ; ದ್ರೌಪದಿ, ಕುಂತಿಯರ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಹೆಣ್ಣಿಗೆ ಅದು ದುಡಿಮೆ, ಗಂಡಿಗೆ ಅದು ಗೌರವ. ಆದರೆ ಅದೇ ಜಿಲ್ಲೆಯ ಗುಬ್ಬಿ ಕಂಪನಿಯಲ್ಲಿ ಪಳಗಿದ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಹೆಂಗಸರಿಂದಲೇ ಎಲ್ಲ ಪಾತ್ರ ಮಾಡಿಸಿ, ತಾವೇ ಕಂಸನಾಗಿ, ಭೀಮನಾಗಿ ರಂಗಕ್ಕೆ ಬಂದರು. ಗದೆಯೂ ಅವರದು, ಕಂಪನಿಯ ಯಜಮಾನಿಕೆಯೂ ಅವರದು. ಇಂದಿನ ಎಷ್ಟು ಧಾರಾವಾಹಿಗಳು ಅಲ್ಲಿಯವರೆಗೆ ಹೋಗಿವೆ?

ಒಂದು ಪಾತ್ರವನ್ನು ಅಳೆಯಲು ಸುಲಭವಾದ ಪರೀಕ್ಷೆ ಇದೆಯೇ?

ಅಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ವ್ಯಂಗ್ಯಚಿತ್ರ ಮಾಲಿಕೆಯಲ್ಲಿ ಸೂಚಿಸಿದ ಪರೀಕ್ಷೆ ಪ್ರಸಿದ್ಧ: ಇಬ್ಬರು ಹೆಂಗಸರಾದರೂ ಇರಬೇಕು, ಪರಸ್ಪರ ಮಾತನಾಡಬೇಕು, ಆ ಮಾತು ಗಂಡಸಿನ ಕುರಿತಾಗಿರಬಾರದು. ಕನ್ನಡ ಧಾರಾವಾಹಿಗಳು ಮೊದಲೆರಡರಲ್ಲಿ ಸುಲಭವಾಗಿ ಪಾಸಾಗಿ ಮೂರನೆಯದರಲ್ಲಿ ನಪಾಸಾಗುತ್ತವೆ. ನಾವು ಇನ್ನೂ ಸರಳವಾದುದನ್ನು ಮಾಡುತ್ತೇವೆ. ಒಂದು ವಾರದ ಕಂತುಗಳನ್ನು ನೋಡುತ್ತ ನೋಟ್‌ಬುಕ್ಕಿನಲ್ಲಿ ಎರಡು ಕಲಂ ಎಳೆದು, ಕಥೆಯನ್ನು ತಿರುಗಿಸಿದ ತೀರ್ಮಾನಗಳನ್ನು ಯಾರು ಮಾಡಿದರೆಂದು ಬರೆದಿಡುತ್ತೇವೆ. ಮಂತ್ರ, ಶಾಪ, ಜಾತಕ, ಕದ್ದು ಕೇಳಿಸಿಕೊಂಡ ಮಾತು, ಇವು ತೀರ್ಮಾನಗಳಲ್ಲ. ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳನ್ನು ಕಥೆಯಿಂದ ತೆಗೆದು ಅವಳ ಜಾಗದಲ್ಲಿ ಒಂದು ಮಾಯಾದೀಪವನ್ನು ಇಟ್ಟರೂ ಕಥೆ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳುತ್ತೇವೆ.

ನಮಗೆ ಇಷ್ಟವಾಗದ ತಿರುವನ್ನು ನಾವೇ ತಿದ್ದಿ ಬರೆಯಬಹುದೇ?

ಧಾರಾಳವಾಗಿ. 'ಸ್ಟಾರ್ ಟ್ರೆಕ್' ಕಾಲದ ಅಭಿಮಾನಿ ಪತ್ರಿಕೆಗಳಲ್ಲಿ ಇಂಥ ಕಥೆ ಬರೆದವರಲ್ಲಿ ಹೆಚ್ಚಿನವರು ಮಹಿಳೆಯರೇ. ನಮ್ಮ ಗುಂಪಿನಲ್ಲಿ ಬಾಗೇಪಲ್ಲಿಯ ಒಬ್ಬ ವಿದ್ಯಾರ್ಥಿನಿ ತನ್ನ ಮನೆಮಾತು ತೆಲುಗು ಬೆರೆತ ಕನ್ನಡದಲ್ಲಿ ನಾಲ್ಕು ಪುಟದ ಒಂದು ದೃಶ್ಯ ಬರೆದು ತಂದಿದ್ದಳು. ಅದರಲ್ಲಿ ನಾಗಿಣಿ ಮದುವೆಯ ಹಿಂದಿನ ರಾತ್ರಿ ಸೇಡನ್ನೂ ಮದುವೆಯನ್ನೂ ಬಿಟ್ಟು ವಿದುರಾಶ್ವತ್ಥದ ಕಲ್ಲುಗಳ ನಡುವೆ ಹೋಗಿ ಕುಳಿತುಕೊಳ್ಳುತ್ತಾಳೆ. ಯಾರೋ ಹರಕೆಗೆಂದು ತಂದಿಟ್ಟ ಹಾಲನ್ನು ಕುಡಿದು, ಬೆಳಗಾಗುವ ಮುಂಚೆ ಎದ್ದು ಹೋಗುತ್ತಾಳೆ. ಎಲ್ಲಿಗೆ ಹೋದಳೆಂದು ಬರೆದಿಲ್ಲ. ಮುಂದಿನ ಕಂತು ಹೇಗೆ ನಡೆಯಬೇಕು, ವಾಹಿನಿಯವರು ಇದನ್ನು ಒಪ್ಪುತ್ತಾರೆಯೇ ಎಂದು ಮೇಷ್ಟ್ರು ಕೇಳಿದರು. 'ಅದು ಅವಳಿಗೆ ಗೊತ್ತು ಸಾರ್,' ಎಂದಳು ಹುಡುಗಿ, ಪುಟಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತ.